ಕೆಂಪು ಬಳಿದ ದಾರಿ

ಹಿಲ್ಲೂರಿನ ಗಂಗಿ ಸತ್ತದ್ದು ಹಾವು ಕಚ್ಚಿ. ಫೋನ್ ಕಂಪನಿಯನ್ನು ಕೇಳಿದರೆ ಹಾವಿನ ಜತೆಗೆ ಕಡಿದುಹೋದ ಕೇಬಲ್ಲಿನ ಮಾತೂ ಬರುತ್ತದೆ. ಊರನ್ನು ಕೇಳಿದರೆ ಆ ಕೇಬಲ್ ಕಾಯುತ್ತಿದ್ದ ಸುಕ್ರನ ಹೆಸರು ಬರುತ್ತದೆ. ನನ್ನನ್ನು ಕೇಳಿದರೆ ನಾನು ಕಿಶನ್ ಸರ್ ಹೆಸರು ಹೇಳುತ್ತೇನೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಅದಕ್ಕೇ ಕೇಳದಿದ್ದರೂ ಹೇಳುತ್ತಿದ್ದೇನೆ.

ನಾನು ಯೋಗಿತಾ, ಬಿಣಗಾದವಳು. ಅಪ್ಪ ಅಲ್ಲಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ. ನಾನು ಕಾರವಾರದಲ್ಲಿ ಒಂದು ಫೋನ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಪಾಳಿಯ ಮೇಲೆ ಕೂರುವ ಎಂಜಿನಿಯರ್. ಜನರ ಮಾತು, ವಿಡಿಯೋ, ಬ್ಯಾಂಕಿನ ವ್ಯವಹಾರ ಯಾವ ಕೇಬಲ್ ಹಿಡಿದು ಎಲ್ಲಿಗೆ ಹೋಗುತ್ತಿದೆ, ಎಲ್ಲಿ ನೂಕುನುಗ್ಗಲಾಗುತ್ತಿದೆ ಎಂದು ನೋಡುವುದು ನನ್ನ ಕೆಲಸ. ನೆಂಟರು "ಕಸ್ಟಮರ್ ಕೇರಾ?" ಎಂದು ಕೇಳುತ್ತಾರೆ. ವಿವರಿಸಿ ಸಾಕಾಗಿ ಈಗ ಹೌದು ಅಂದುಬಿಡುತ್ತೇನೆ.

ಕಾರವಾರದಿಂದ ಅಂಕೋಲೆಗೆ ನಮ್ಮ ಕಂಪನಿಯದು ಎರಡು ದಾರಿ. ಒಂದು ಹೆದ್ದಾರಿಯ ಬದಿಯ ನೆಲದಲ್ಲಿ ಬಿಣಗಾ ಹಾಯ್ದು ಹೋಗುತ್ತದೆ. ಇನ್ನೊಂದು ಒಳನಾಡಿನ ಕಾಡು ಸುತ್ತಿ, ಕಂಬದಿಂದ ಕಂಬಕ್ಕೆ ಜೋತುಕೊಂಡು ಹಿಲ್ಲೂರಿಗೆ ಬಂದು ಅಲ್ಲಿಂದ ಅಂಕೋಲೆಗೆ ಇಳಿಯುತ್ತದೆ. ಹೆದ್ದಾರಿಯದು ಹತ್ತಿರ, ಹಾಗಾಗಿ ದಿನನಿತ್ಯದ ಎಲ್ಲ ಓಡಾಟ ಅದರಲ್ಲೇ. ಹಿಲ್ಲೂರಿನ ಟವರಿನಿಂದ ಹೊರಟ ಕರೆಯೂ ಮೊದಲು ಅಂಕೋಲೆಗೆ ಇಳಿದು, ಹೆದ್ದಾರಿ ಹಿಡಿದೇ ಕಾರವಾರಕ್ಕೆ ಬರುತ್ತಿತ್ತು. ಪಕ್ಕದ ಊರಿಗೆ ಮಾಡಿದ ಕರೆಯಾದರೂ ಅಷ್ಟೇ, ಕರೆಗಳನ್ನು ಕೂಡಿಸುವ ಯಂತ್ರ ಇರುವುದು ಕಾರವಾರದಲ್ಲೇ. ಹೆದ್ದಾರಿಯ ಕೇಬಲ್ ಕಡಿದರೆ ಯಂತ್ರಗಳು ತಾವಾಗಿಯೇ ಎಲ್ಲವನ್ನೂ ಕಾಡಿನ ದಾರಿಗೆ ತಿರುಗಿಸಬೇಕು. ಎರಡು ದಾರಿ ಇರುವುದೇ ಅದಕ್ಕೆ.

ಆ ಕಾಡಿನ ದಾರಿ ಕಾಯುವವ ಸುಕ್ರಣ್ಣ. ಹಿಲ್ಲೂರಿನವನೇ, ಅಂಕೋಲೆಯ ಗುತ್ತಿಗೆದಾರ ಸುನಿಲನ ಕೈಕೆಳಗಿನ ಆಳು. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಕತ್ತಿ ಹಿಡಿದು, ಕೇಬಲ್ಲಿನ ಮೇಲೆ ವಾಲಿದ ಕೊಂಬೆ ಸವರುತ್ತ ಕಾಡಿನಲ್ಲಿ ನಡೆಯುತ್ತಿದ್ದ. ಎಲ್ಲಾದರೂ ಕಡಿದರೆ ಜೋಡು ಹಾಕಿ ನನಗೆ ಫೋನ್ ಮಾಡುತ್ತಿದ್ದ. ಕೇಬಲ್ ಅಂದರೆ ಕೂದಲೆಳೆಯಂಥ ಗಾಜಿನ ನೂಲು, ಅದರೊಳಗೆ ಬೆಳಕು ಓಡುತ್ತದೆ. ಬೆಳಕು ದಾಟಿತೋ ಇಲ್ಲವೋ ಎಂದು ಕಾರವಾರದಲ್ಲಿ ಕೂತ ನಾನೇ ಹೇಳಬೇಕು.

"ತಂಗೀ, ದೀಪ ಬಂತಾ?"

"ಬಂತು ಸುಕ್ರಣ್ಣ."

"ಹಾಂಗಾರೆ ನಾನು ಗಂಜಿ ಉಂಬೂಕೆ ಹೋತೆ."

ವರ್ಷಗಟ್ಟಲೆ ನಮ್ಮಿಬ್ಬರ ಮಾತು ಇಷ್ಟೇ. ಮುಖ ನೋಡಿದ್ದಕ್ಕಿಂತ ದನಿ ಕೇಳಿದ್ದೇ ಹೆಚ್ಚು.

ಈಗ ಬಣ್ಣದ ವಿಷಯ. ಪ್ರತಿ ದಾರಿಗೂ ನಾವು ಕಂಪ್ಯೂಟರಿನಲ್ಲಿ ಒಂದು ಬಣ್ಣ ಹಚ್ಚುತ್ತೇವೆ. ನಿಜವಾದ ಬಣ್ಣವಲ್ಲ, ಯಂತ್ರಗಳಿಗೆ ತಿಳಿಯುವ ಗುರುತು ಅಷ್ಟೇ. ಕೆಂಪು ಎಂದರೆ ಈ ದಾರಿಯನ್ನು ನಂಬಬೇಡಿ ಎಂದು. ಮತ್ತು ನಮ್ಮಲ್ಲೊಂದು ನಿಯಮವಿದೆ, ಮಾತಿನ ಕರೆಗಳು ಕೆಂಪು ದಾರಿಯಲ್ಲಿ ಕಾಲಿಡಕೂಡದು. ಮಾತು ತುಂಡುತುಂಡಾದರೆ ಗಿರಾಕಿ ಬಯ್ಯುತ್ತಾನೆ. ವಿಡಿಯೋ ತುಸು ನಿಂತು ಮುಂದೆ ಹೋದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಹಾಗಾಗಿ ಸಿನಿಮಾ, ಹಾಡು, ಆಟ ಇವೆಲ್ಲ ಯಾವ ಬಣ್ಣದ ದಾರಿಯಲ್ಲಾದರೂ ಓಡಬಹುದು. ಮಾತು ಮಾತ್ರ ಮಡಿ. ಕೆಂಪು ಕಂಡರೆ ಮುಟ್ಟುವುದಿಲ್ಲ, ಬೇರೆ ದಾರಿ ಸಿಗದಿದ್ದರೆ ನಿಂತಲ್ಲೇ ಸಾಯುತ್ತದೆ.

ಹೋದ ವರ್ಷದ ಮಳೆಗಾಲದಲ್ಲಿ ಕಾಡಿನಲ್ಲಿ ಒಂದು ದೊಡ್ಡ ಮತ್ತಿಮರ ಬಿದ್ದು ಕೇಬಲ್ ಹರಿಯಿತು. ಹುಬ್ಬಳ್ಳಿಯ ಕಚೇರಿಯಲ್ಲಿ ಕೂರುವ ನಮ್ಮ ಮ್ಯಾನೇಜರ್ ಕಿಶನ್ ಸರ್ ಕೂಡಲೇ ಆ ದಾರಿಗೆ ಕೆಂಪು ಹಚ್ಚಿದರು. ತಪ್ಪೇನಿಲ್ಲ, ರಿಪೇರಿ ನಡೆಯುವಾಗ ಹಚ್ಚಬೇಕಾದ್ದೇ. ಸುಕ್ರಣ್ಣ ಅದೇ ದಿನ ಮರ ಕಡಿಸಿ ಜೋಡು ಹಾಕಿದ, ದೀಪ ಬಂತು. ಕೆಂಪು ಮಾತ್ರ ಹೋಗಲಿಲ್ಲ. ಬಣ್ಣ ಹಚ್ಚುವ, ಅಳಿಸುವ ಅಧಿಕಾರ ಇದ್ದದ್ದು ಕಿಶನ್ ಸರ್ ಒಬ್ಬರಿಗೇ. ನಮ್ಮ ಕೈಗೆ ಕೊಟ್ಟರೆ ನಾವು ಎಡವಟ್ಟು ಮಾಡುತ್ತೇವಂತೆ.

ನಾನು ಕೇಳಿದೆ. "ಮಳೆಗಾಲ ಮುಗೀಲಿ ಯೋಗಿತಾ, ಆಮೇಲೆ ನೋಡುವಾ" ಅಂದರು. ಮಳೆಗಾಲ ಮುಗಿದ ಮೇಲೆ ಮತ್ತೆ ಕೇಳಿದೆ. "ಹೆದ್ದಾರಿ ನೆಟ್ಟಗೆ ಓಡ್ತಾ ಉಂಟಲ್ಲ, ಸುಮ್ಮನೆ ಯಾಕೆ ಕೈ ಹಾಕೋದು?" ಅಂದರು. ಈ ವರ್ಷ ಜೂನ್ ತಿಂಗಳಲ್ಲಿ ಇನ್ನೊಮ್ಮೆ ನೆನಪಿಸಿದೆ. "ಈಗ ಮಳೆ ಶುರುವಾಯ್ತಲ್ಲ, ಇರ್ಲಿ ಬಿಡಿ" ಅಂದರು. ಈ ಮನುಷ್ಯನಿಗೆ ಮಳೆಗಾಲವೂ ಆಗದು, ಬೇಸಿಗೆಯೂ ಆಗದು ಎಂದು ನಾನು ಬಿಣಗಾದ ಮನೆಗೆ ಬಂದು ಅಪ್ಪನ ಮುಂದೆ ಕೂಗಾಡಿದೆ. ಅಪ್ಪ ಟಿವಿಯ ದನಿ ಸ್ವಲ್ಪ ದೊಡ್ಡದು ಮಾಡಿದ.

ಚೌತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಿಣಗಾದಲ್ಲಿ ಹೆದ್ದಾರಿ ಬದಿಯ ಚರಂಡಿ ಅಗೆಯುತ್ತಿದ್ದ ಜೆಸಿಬಿ ನಮ್ಮ ಕೇಬಲ್ಲಿಗೆ ಹಲ್ಲು ಹಾಕಿತು. ಪರದೆಯ ಮೇಲೆ ಹೆದ್ದಾರಿಯ ಗೆರೆ ಕಪ್ಪಾಯಿತು. ನಾನು ಗಾಬರಿಯಾಗಲಿಲ್ಲ, ಜೆಸಿಬಿ ನಮಗೆ ಹೊಸದಲ್ಲ. ಕಾಡಿನ ದಾರಿಯಲ್ಲಿ ದೀಪ ಇತ್ತು. ಕ್ಷಣದಲ್ಲೇ ವಿಡಿಯೋಗಳೆಲ್ಲ ಅತ್ತ ತಿರುಗಿ ಓಡತೊಡಗಿದವು. ಮಾತಿನ ಗೆರೆ ಮಾತ್ರ ನೆಲ ಕಚ್ಚಿ ಮಲಗಿತ್ತು. ಅಂಕೋಲೆ, ಹಿಲ್ಲೂರು, ಸುತ್ತಲಿನ ಹಳ್ಳಿಗಳು, ಎಲ್ಲಿಂದಲೂ ನಮ್ಮ ಕಂಪನಿಯ ಒಂದು ಕರೆಯೂ ಕಾರವಾರ ಮುಟ್ಟುತ್ತಿಲ್ಲ. ಆಗ ನೆನಪಾಯಿತು. ಆ ದರಿದ್ರ ಕೆಂಪು!

ಕಿಶನ್ ಸರ್‌ಗೆ ಫೋನ್ ಹಚ್ಚಿದೆ. ಹುಬ್ಬಳ್ಳಿಗೆ ಹೋಗುವ ದಾರಿ ಬೇರೆ, ಅದು ಸರಿಯಿತ್ತು. ಕರೆ ಕತ್ತರಿಸಿ, ಮೀಟಿಂಗಿನಲ್ಲಿದ್ದೇನೆ ಎಂಬ ಸಂದೇಶ ಕಳಿಸಿದರು. ಮತ್ತೆ ಹಚ್ಚಿದೆ, ಮತ್ತೆ ಕತ್ತರಿಸಿದರು. ಅವರ ಪಕ್ಕದ ಕೋಣೆಯವರಿಗೆ ಹಚ್ಚಿ, ಬಾಗಿಲು ಬಡಿಯಿರಿ ಎಂದು ಅಂಗಲಾಚಿದೆ. ದೊಡ್ಡವರ ಮೀಟಿಂಗಿನ ಬಾಗಿಲು ಬಡಿಯಲು ಅವರಿಗೆ ಧೈರ್ಯ ಬರಲಿಲ್ಲ. ಕೊನೆಗೆ ಕಿಶನ್ ಸರ್ ತಾವೇ ಫೋನ್ ಮಾಡಿದಾಗ ತಾಸು ಕಳೆದಿತ್ತು.

"ಸರ್, ಹಿಲ್ಲೂರಿನ ಕೆಂಪು ತೆಗೀರಿ, ಈಗಲೇ."

"ಯಾವ ಕೆಂಪು?"

ಮರೆತೇ ಬಿಟ್ಟಿದ್ದರು. ಹೇಳಿದೆ. "ಓ, ಅದಾ. ನೀವೊಂದು ಮೇಲ್ ಹಾಕಿ, ಅನುಮತಿ ತಗೊಂಡು ಮಾಡೋಣ" ಅಂದರು. ನಾನು ಜೀವಮಾನದಲ್ಲಿ ಮೇಲಧಿಕಾರಿಯ ಮೇಲೆ ಕಿರುಚಿದ್ದು ಅದೊಂದೇ ಸಲ. ಏನೆಂದು ಕಿರುಚಿದೆನೋ ನೆನಪಿಲ್ಲ, ಪಕ್ಕದ ಟೇಬಲ್ಲಿನ ಉದಯ ಎದ್ದು ನಿಂತಿದ್ದ. ಆ ಕಡೆ ಕೀಲಿಮಣೆಯ ನಾಲ್ಕು ಟಕಟಕ ಕೇಳಿಸಿತು. ಮಾತಿನ ಗೆರೆ ಒಮ್ಮೆಲೇ ಮೇಲೆದ್ದಿತು. ಒಂದು ವರ್ಷದಿಂದ ಮಳೆ ಬೇಸಿಗೆ ಎಂದು ಎಳೆದ ಕೆಲಸ ಇಷ್ಟು.

ಗಂಗಿಗೆ ಹಾವು ಕಚ್ಚಿದ್ದು ಅದೇ ಹೊತ್ತಿನಲ್ಲಿ ಎಂದು ಗೊತ್ತಾದದ್ದು ಸಂಜೆ. ಗದ್ದೆಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಮಗ ರಾಜೀವ ಕೂಲಿಯವನು, ಗಾಡಿ ಇಲ್ಲ, ಕೈಯಲ್ಲಿ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಆಂಬ್ಯುಲೆನ್ಸಿಗೆ ಹಚ್ಚಿದ, ಹೋಗಲಿಲ್ಲ. ಬಾಡಿಗೆಗೆ ಅಂಕೋಲೆಗೆ ಹೋಗಿದ್ದ ಊರಿನ ರಿಕ್ಷಾದವನಿಗೆ ಹಚ್ಚಿದ, ಹೋಗಲಿಲ್ಲ. ಸಿಗ್ನಲ್ಲೇ ಇಲ್ಲದಿದ್ದರೆ ತಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡುತ್ತಿದ್ದನೇನೋ. ಆದರೆ ಫೋನಿನ ಮೂಲೆಯಲ್ಲಿ ಕಡ್ಡಿಗಳು ಭರ್ತಿ ಇದ್ದವು. ಟವರ್ ಜೀವಂತ ಇತ್ತಲ್ಲ! ಈಗ ಹೋದೀತು, ಈಗ ಹೋದೀತು ಎಂದು ಹಚ್ಚುತ್ತಲೇ ಇದ್ದ. ಕಡೆಗೆ ಯಾರದೋ ಬೈಕನ್ನು ರಾಜೀವನೇ ಓಡಿಸಿ, ಅವಳನ್ನು ನಡುವೆ ಕೂರಿಸಿಕೊಂಡು ಹೊರಟರು. ಅಂಕೋಲೆ ಮುಟ್ಟುವ ಮೊದಲೇ ಅವಳ ತಲೆ ರಾಜೀವನ ಬೆನ್ನಿನ ಮೇಲೆ ಬಿತ್ತು.

ಇದನ್ನು ಹೇಳಿದವ ಸುಕ್ರಣ್ಣ. ಸಂಜೆ ಅವನೇ ಫೋನ್ ಮಾಡಿದ.

"ತಂಗೀ, ಗಂಗತ್ತೆ ಹೋಯ್ತು. ರಾಜೀವಂದು ಫೋನೇ ಹೋಗ್ಲಿಲ್ಲ ಅಂತೆ. ನನ್ ಕೇಬಲ್ಲು ಕಡ್ದಿತ್ತಾ? ಖರೇ ಹೇಳು."

"ಇಲ್ಲ ಸುಕ್ರಣ್ಣ. ನಿನ್ನ ಕೇಬಲ್ ಗಟ್ಟಿ ಇತ್ತು. ದೀಪ ಒಂದು ಗಳಿಗೆಯೂ ಹೋಗಲಿಲ್ಲ."

"ಮತ್ತೆ ಎಂತಕ್ಕೆ ಹೋಗ್ಲಿಲ್ಲ?"

ಹೇಳಿದೆ. ಎಷ್ಟು ಸರಳ ಮಾಡಿ ಹೇಳಿದರೂ ಬಾಯಲ್ಲಿ ಅದು ಹುಚ್ಚುಮಾತಿನಂತೆ ಕೇಳಿಸುತ್ತಿತ್ತು. ಅವನು "ಬಣ್ಣವಾ?" ಅಂದ. ಆಮೇಲೆ, "ಕೇಬಲ್ಲು ಕಡೀಲಿಲ್ಲ ಅಲ್ದಾ? ಅಷ್ಟು ಸಾಕು ನಂಗೆ. ರಾಜೀವನ ಮುಖ ನೋಡೂಕಾದ್ರೂ ಆತದೆ" ಅಂದು ಫೋನ್ ಇಟ್ಟ.

ಅಷ್ಟನ್ನೂ ಅವನಿಗೆ ಉಳಿಸಲಿಲ್ಲ ನಮ್ಮವರು.

ಮರುದಿನ ಬೆಳಿಗ್ಗೆ ನಾನು ಪಾಳಿಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ಕಾಡಿನ ದಾರಿಯ ದೀಪ ಆರಿತು. ಮಳೆಯಿಲ್ಲ, ಗಾಳಿಯಿಲ್ಲ. ಹೆದ್ದಾರಿಯ ಕೇಬಲ್ ಅಷ್ಟರಲ್ಲಿ ಜೋಡಿಸಿ ಆಗಿತ್ತು, ಹಾಗಾಗಿ ಯಾರ ಕರೆಗೂ ತೊಂದರೆಯಾಗಲಿಲ್ಲ. ಸುಕ್ರಣ್ಣನಿಗೆ ಫೋನ್ ಮಾಡಬೇಕು ಎನ್ನುವಾಗ ಅವನದೇ ಬಂತು.

"ತಂಗೀ, ದೀಪ ಬಂತಾ?"

"ಈಗ ಬಂತು. ಆದರೆ ಹೋದದ್ದು ಯಾಕೆ? ಏನಾಯ್ತು ಅಲ್ಲಿ?"

"ಎಂತಾ ಆಗ್ಲಿಲ್ಲ. ಸುನಿಲಣ್ಣ ಬಂದಿದ್ದ. ಇಲ್ಲಿ ಹಳೇದಾತು, ಕೊಯ್ದು ಹೊಸಾ ಜೋಡು ಹಾಕು ಅಂದ. ಕೊಯ್ದೆ. ತುಂಡು ತುದಿ ಕೈಯಲ್ಲಿ ಹಿಡ್ಕ ನಿಲ್ಲು ಅಂದ, ಫೋಟೋ ತೆಗ್ದ. ಕೆಲ್ಸ ಮಾಡಿದ್ದಕ್ಕೆ ಗುರ್ತು ಬೇಕು ಅಂತೆ. ಜೋಡು ಚಲೋ ಬಂದದೆ, ನೋಡು ಬೇಕಾದ್ರೆ."

ನೋಡಿದೆ. ನಿಜವಾಗಿಯೂ ಚೆನ್ನಾಗಿತ್ತು. ಆ ಜೋಡಿನಲ್ಲಿ ಬೆಳಕು ಸೋರುತ್ತಲೇ ಇರಲಿಲ್ಲ ಅನ್ನಬೇಕು, ಅಷ್ಟು ಶುದ್ಧ ಕೈ. ಇಲ್ಲದ ಗಾಯಕ್ಕೆ ಹೊಲಿಗೆ ಹಾಕಿಸಿ ಫೋಟೋ ತೆಗೆಸಿದ್ದು ಯಾಕೆ ಎಂದು ಊಹಿಸಲು ನಾನೇನು ಹಾಲು ಕುಡಿಯುವ ಕೂಸಲ್ಲ. ಎರಡು ಕೇಬಲ್ಲುಗಳೂ ಒಟ್ಟಿಗೇ ಕಡಿದರೆ ಅದು ಯಾರ ಕೈಯಲ್ಲೂ ಇಲ್ಲದ ಮಾತು, ಕಂಪನಿಯ ಮೇಲೆ ಯಾರೂ ಬೊಟ್ಟು ಮಾಡುವಂತಿಲ್ಲ. ಗಟ್ಟಿಯಿದ್ದ ದಾರಿಯನ್ನು ನಾವೇ ಮುಚ್ಚಿಟ್ಟಿದ್ದೆವು ಎಂದರೆ ತಲೆಗಳು ಉರುಳುತ್ತವೆ. ಮೊದಲ ತಲೆ ಕಿಶನ್ ಸರ್‌ದು.

ಮಧ್ಯಾಹ್ನ ಕಿಶನ್ ಸರ್ ಫೋನ್ ಮಾಡಿದರು. ದನಿ ಜೇನು.

"ಯೋಗಿತಾ, ನಿನ್ನೆ ಹಿಲ್ಲೂರಿನ ಕಡೆ ಮರ ಬಿದ್ದಿತ್ತಂತೆ. ನೀವು ಒತ್ತಡದಲ್ಲಿದ್ರಿ, ಸರಿಯಾಗಿ ನೋಡಿರ್ಲಿಕ್ಕಿಲ್ಲ."

"ಸರ್, ವಿಡಿಯೋ ಓಡುತ್ತಿತ್ತು. ಕಡಿದ ಕೇಬಲ್ಲಿನಲ್ಲಿ ವಿಡಿಯೋ ಓಡುತ್ತದಾ?"

"ಸ್ವಲ್ಪ ಹೊತ್ತು ಓಡಿ ಆಮೇಲೆ ಕಡ್ದಿರಬಹುದು. ನೀವು ಸಣ್ಣವರು, ಮುಂದೆ ಬರುವವರು. ಇದರಲ್ಲಿ ಯಾಕೆ ತಲೆ ಹಾಕ್ತೀರಿ?"

ತಲೆ ಹಾಕಿದೆ. ಅವರ ಮೇಲಿನವರಿಗೆ ಎಲ್ಲ ಬರೆದು ಕಳಿಸಿದೆ. ಚಿತ್ರದಲ್ಲಿ ಕೇಬಲ್ ತುಂಡಾಗಿರುವುದು ಸ್ಪಷ್ಟವಾಗಿ ಕಾಣುತ್ತಿದೆ ಎಂದು ಎರಡು ಸಾಲಿನ ಉತ್ತರ ಬಂತು. ಕೆಳಗೆ, ನಿಮ್ಮ ಕಾಳಜಿಗೆ ಧನ್ಯವಾದ. ಅದೇ ತಿಂಗಳ ಸಭೆಯಲ್ಲಿ, ಎರಡು ಕಡೆ ಕಡಿದರೂ ಅಷ್ಟು ಬೇಗ ಸೇವೆ ಮರಳಿಸಿದ್ದಕ್ಕೆ ಕಿಶನ್ ಸರ್‌ಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಉದಯ ತಟ್ಟಿದ. ಅವನನ್ನು ಬಯ್ಯಲೂ ಆಗದು, ಮನೆಯಲ್ಲಿ ಎರಡು ಸಣ್ಣ ಮಕ್ಕಳು.

ಇಷ್ಟರಲ್ಲಿ ಹಿಲ್ಲೂರಿನಲ್ಲಿ ಆಗಬೇಕಾದ್ದು ಆಗಿತ್ತು. ಜನ ರೇಗುತ್ತಾರೆಂದು ಸುನಿಲ ಊರಿಗೆ ಹೋಗಿ, ಫೋಟೋ ತೋರಿಸಿ, ಮರ ಬಿದ್ದು ಕೇಬಲ್ ಕಡಿದಿತ್ತು, ಕಾಯುವವನು ಸರಿಯಾಗಿ ಕಾಯಲಿಲ್ಲ, ಅವನನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಹೇಳಿ ಬಂದಿದ್ದ. ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಸುಕ್ರಣ್ಣ ಮುಂಗೈಯೆತ್ತಿ ತುಂಡು ಕೇಬಲ್ ಹಿಡಿದು, ಫೋಟೋ ಎಂದು ತುಸು ನಕ್ಕು ನಿಂತ ಚಿತ್ರ. ಗಂಗಿ ಸತ್ತ ಊರಿನಲ್ಲಿ ಆ ನಗು ಹೇಗೆ ಕಂಡೀತು?

ಗಂಗಿಯ ಕರ್ಮಗಳೆಲ್ಲ ಮುಗಿದ ಮೇಲೆ ನಾನು ರಜೆ ಹಾಕಿ ಬಸ್ಸು ಹತ್ತಿದೆ. ಅಂಕೋಲೆಯಲ್ಲಿ ಬಸ್ಸು ಬದಲಿಸಿ ಹಿಲ್ಲೂರಿಗೆ ಹೋದೆ. ಸುಕ್ರಣ್ಣ ನಿಲ್ದಾಣಕ್ಕೆ ಬಂದಿದ್ದ. ದನಿಗಿಂತ ವಯಸ್ಸಾಗಿತ್ತು ಅವನಿಗೆ. ಅಂಗಡಿಯ ಜಗಲಿಯ ಮೇಲಿದ್ದ ಇಬ್ಬರು ಅವನನ್ನು ನೋಡಿ ಮುಖ ತಿರುಗಿಸಿದರು.

"ಕೆಲ್ಸ ಹೋದದ್ದಕ್ಕಲ್ಲ ತಂಗೀ. ಗದ್ದೆ ಕೆಲ್ಸ ಯಾರ್ದಾದ್ರೂ ಸಿಕ್ತದೆ. ರಾಜೀವ ನನ್ನ ಬಾವಾ ಅಂತಿದ್ದ. ಈಗ ಬಾಗ್ಲು ಹಾಕ್ತಾ. ನೀನೊಂದು ಮಾತು ಹೇಳು ಅವಂಗೆ. ನನ್ನಿಂದ ಅಲ್ಲ ಅಂತ ಹೇಳು, ಸಾಕು."

ರಾಜೀವನ ಅಂಗಳದಲ್ಲಿ ನಾಲ್ಕೈದು ಜನ ಇದ್ದರು. ಪಕ್ಕದ ಮನೆಯ ಮುದುಕಿ ಅಕ್ಕಮ್ಮ ನನಗೆ ಮಣೆ ಕೊಟ್ಟಳು. ನಾನು ಬಣ್ಣದ ಕತೆ ಹೇಳಿದೆ. ಮಾತಿಗೆ ಒಂದು ನಿಯಮ, ವಿಡಿಯೋಗೆ ಇನ್ನೊಂದು ನಿಯಮ ಎಂದೆ. ಕೇಬಲ್ ಆ ಹೊತ್ತಿನಲ್ಲಿ ಗಟ್ಟಿಯಿತ್ತು, ಬೇಕಾದರೆ ನೀವೇ ನೆನಪು ಮಾಡಿಕೊಳ್ಳಿ, ಆ ಮಧ್ಯಾಹ್ನ ಯಾರ ಫೋನಿನಲ್ಲಾದರೂ ವಿಡಿಯೋ ಓಡುತ್ತಿತ್ತೇ ಎಂದು ಕೇಳಿದೆ.

"ಹೌದೇ ಮಗಾ," ಅಂದಳು ಅಕ್ಕಮ್ಮ. "ನನ್ ಸೊಸೆ ಸುಮಿತಾ ಅದೇ ಹೊತ್ತಿಗೆ ಧಾರಾವಾಹಿ ನೋಡ್ತಾ ಕೂತಿತ್ತು. ಗಂಗೀನ ಎತ್ಕ ಬಂದಾಗ್ಲೂ ಅದು ಓಡ್ತೇ ಇತ್ತು."

ಗೆದ್ದೆ ಅನ್ನಿಸಿತು ನನಗೆ. ಎಂಥ ಪೆದ್ದಿ ನಾನು. ರಾಜೀವ ಎದ್ದು ನಿಂತ. ಅವನ ಮುಖ ಕೆಂಪೇರಿತ್ತು.

"ಅಂದ್ರೆ, ಧಾರಾವಾಹಿ ಹೋತದೆ. ನಮ್ಮವ್ವಿ ಸಾಯ್ತದೆ ಅಂತ ಹೇಳೂ ಕರೆ ಹೋಗೂದಿಲ್ಲ. ಅದೇ ಕೇಬಲ್ಲು, ಅದೇ ಕಂಬ. ಯಾರೋ ಹುಬ್ಬಳ್ಳೀಲಿ ಕೂತವ್ರು ಹಾಂಗೆ ಮಾಡಿಟ್ಟಿದ್ರು. ಇದನ್ನ ನಾನು ನಂಬೂಕಾ ಮೇಡಂ?"

"ನಿಜ ಅದೇ ರಾಜೀವ."

"ಮನುಷ್ಯರು ಹೀಂಗೆ ಮಾಡೂದಿಲ್ಲ," ಅಂದ ಅವನು. "ಮರ ಬೀಳ್ತದೆ. ಕೇಬಲ್ಲು ಕಡೀತದೆ. ಕಾಯೂನು ಮಲಗಿರ್ತಾ. ಇದು ನಂಗೆ ತಿಳೀತದೆ. ನೀವು ಹೇಳೂದು ತಿಳೂದಿಲ್ಲ. ನೀವೂ ಕಂಪ್ನಿಯವ್ರೇ ಅಲ್ದಾ? ಇವನ್ನ ಉಳ್ಸೂಕೆ ಬಂದೀರಿ."

ಯಾರೋ ಮೊಬೈಲ್ ಮುಂದೆ ಚಾಚಿದರು. ಅದೇ ಫೋಟೋ. ಅಂಗಳದ ತುದಿಯಲ್ಲಿ, ಒಳಗೆ ಬರಲಾರದೆ ನಿಂತಿದ್ದ ಸುಕ್ರಣ್ಣನತ್ತ ರಾಜೀವ ಅದನ್ನು ತಿರುಗಿಸಿದ.

"ಇದು ಕಡ್ದದ್ದು ಹೌದೋ ಅಲ್ದೋ? ನಿನ್ ಬಾಯಲ್ಲೇ ಹೇಳು."

ಸುಕ್ರಣ್ಣನಿಗೆ ಸುಳ್ಳು ಹೇಳಲು ಬರುತ್ತಿದ್ದರೆ ಅಲ್ಲಿ ಹೇಳಬಹುದಿತ್ತು. ಅವನು ಅಂಗಳದೊಳಗೆ ಒಂದು ಹೆಜ್ಜೆ ಇಟ್ಟ.

"ಕಡ್ದದ್ದಲ್ಲ ರಾಜೀವಾ. ಕೊಯ್ದದ್ದು. ನಾನೇ ಕೊಯ್ದದ್ದು. ಆದ್ರೆ ಅದು ಮರುದಿನ..."

ಮರುದಿನ ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಅಕ್ಕಮ್ಮ ಎದೆಗೆ ಕೈ ಹೊಡೆದುಕೊಂಡಳು. "ಕೇಳಿದ್ರಾ? ಅವನೇ ಕೊಯ್ದದ್ದಂತೆ, ಕೇಳಿದ್ರಾ?" ಎಂದು ರಾಜೀವ ಎಲ್ಲರ ಮುಖ ನೋಡಿದ. ನಾನು ಕೂಗಿ ಹೇಳಿದೆ, ಕೈ ಮುಗಿದು ಹೇಳಿದೆ. ಒಬ್ಬ ನನ್ನ ಚೀಲ ಎತ್ತಿ ನನ್ನ ಕೈಗೆ ಕೊಟ್ಟು, ಕೊನೆಯ ಬಸ್ಸು ತಪ್ಪುತ್ತದೆ ಮೇಡಂ ಎಂದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸುಕ್ರಣ್ಣ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದ. ದಾರಿಯುದ್ದಕ್ಕೂ ನಮ್ಮ ತಲೆಯ ಮೇಲೆ ಕೇಬಲ್ ಬರುತ್ತಿತ್ತು. ಒಂದು ಕಡೆ ಹಲಸಿನ ಕೊಂಬೆ ಅದರ ಮೇಲೆ ವಾಲಿತ್ತು. ಅವನ ಕೈ ಸೊಂಟದ ಕತ್ತಿಗೆ ಹೋಯಿತು. ಆಮೇಲೆ, ಇನ್ನು ಅದು ತನ್ನ ಕೆಲಸವಲ್ಲ ಎಂದು ನೆನಪಾಗಿ ಕೈ ಕೆಳಗೆ ಬಿಟ್ಟ.

ಹೆದ್ದಾರಿಯ ಅಗೆತ ಇನ್ನೂ ಮುಗಿದಿಲ್ಲ. ಜೆಸಿಬಿಗಳ ಕಾಟ ತಪ್ಪಿಸಲು ಕಿಶನ್ ಸರ್ ಈಗ ಹೊಸ ಆದೇಶ ಕೊಟ್ಟಿದ್ದಾರೆ. ಅಂಕೋಲೆ ಕಡೆಯ ಮಾತಿನ ಕರೆಗಳೆಲ್ಲ ಕಾಡಿನ ದಾರಿಯಲ್ಲೇ ಬರಬೇಕು, ನಮ್ಮಲ್ಲಿ ಅತ್ಯಂತ ನಂಬಿಕೆಯ ದಾರಿ ಅದೇ ಎಂದು. ಅದಕ್ಕೆ ಹಸಿರು ಹಚ್ಚಿದ್ದಾರೆ. ಪಾಳಿಯಲ್ಲಿ ಕೂತು ನಾನು ನೋಡುತ್ತಿರುತ್ತೇನೆ. ರಾಜೀವ ಯಾರಿಗೇ ಫೋನ್ ಹಚ್ಚಲಿ, ಅವನ ಮಾತು ಸುಕ್ರಣ್ಣನ ಆ ಜೋಡನ್ನು ದಾಟಿಯೇ ಕಾರವಾರಕ್ಕೆ ಬರುತ್ತದೆ. ಸುಕ್ರಣ್ಣನನ್ನು ಮಾತ್ರ ಅವನು ಇವತ್ತಿಗೂ ಮಾತಾಡಿಸಿಲ್ಲ.